ಪುಲ್ಲಿ ಕಳಚುವ ಬಲ ಎಲ್ಲಿಗೆ ಹೋಗುತ್ತದೆ?

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಗಾಲಿ ಅದು. ಹೊರಮೈಯಲ್ಲಿ ಬೆಲ್ಟ್ ಕೂರಲು ಸಾಲು ಗೀರುಗಳು, ನಡುವೆ ಬೆರಳು ತೂರುವ ರಂಧ್ರ. ನಟ್ ಇಲ್ಲ, ಬೋಲ್ಟ್ ಇಲ್ಲ, ಪಿನ್ನೂ ಕಾಣುವುದಿಲ್ಲ. ಶಾಫ್ಟಿನ ಮೇಲೆ ಅದು ಸುಮ್ಮನೆ ಕೂತಂತಿದೆ. ಹಳೆಯ ಮಿನಿ ಕೂಪರ್ ಎಸ್ ಕಾರನ್ನು ಕೊಂಡು, ಬಾನೆಟ್ ಎತ್ತಿ, ಇಂಜಿನ್ ಪಕ್ಕದ ಇಕ್ಕಟ್ಟು ಸಂದಿಗೆ ಟಾರ್ಚ್ ಬಿಟ್ಟು ನೋಡಿದವರಿಗೆಲ್ಲ ಹುಟ್ಟುವ ಪ್ರಶ್ನೆ ಒಂದೇ: ಇಷ್ಟು ಚಿಕ್ಕ ಪುಲ್ಲಿ ಬಿಚ್ಚಲು ಅದಕ್ಕೆಂದೇ ಮಾಡಿದ ಪುಲ್ಲರ್ ಯಾಕೆ ಬೇಕು? ಮನೆಯಲ್ಲಿರುವ ಸುತ್ತಿಗೆ, ಒಂದು ಗಟ್ಟಿ ಸ್ಕ್ರೂಡ್ರೈವರ್ ಸಾಲದೆ?

ಸಾಲದು. ಯಾಕೆ ಸಾಲದು ಎಂಬುದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ಅದರ ತಿರುಳು ಬಲ ಎಷ್ಟು ಎಂಬುದರಲ್ಲಿಲ್ಲ, ಆ ಬಲ ಯಾವ ದಾರಿ ಹಿಡಿದು ಹೋಗುತ್ತದೆ ಎಂಬುದರಲ್ಲಿದೆ.

ಮೊದಲು, ಆ ಪುಲ್ಲಿಯ ತಂಟೆಗೆ ಜನ ಹೋಗುವುದೇಕೆ ಎಂದು ನೋಡೋಣ. 2002ರಲ್ಲಿ ಬಂದು 2006ರವರೆಗೆ ತಯಾರಾದ ಆ ಕಾರಿನಲ್ಲಿ 1.6 ಲೀಟರಿನ ಇಂಜಿನ್ ಇತ್ತು. ಇಂಜಿನ್ನಿಗೆ ಗಾಳಿ ತುರುಕಲು ಈಟನ್ ಕಂಪನಿಯ ಎಂ45 ಎಂಬ ಸೂಪರ್‌ಚಾರ್ಜರ್. 45 ಎಂದರೆ, ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ಗಾಳಿಯನ್ನು ಅದು ಮುಂದೆ ತಳ್ಳುತ್ತದೆ. ಇಂಜಿನ್ನಿನ ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ, ಬೆಲ್ಟಿನ ಮೂಲಕ ಸೂಪರ್‌ಚಾರ್ಜರ್ ಸುಮಾರು ಎರಡು ಸುತ್ತು ಸುತ್ತುತ್ತದೆ. ಅದರ ಪುಲ್ಲಿಯ ವ್ಯಾಸವನ್ನು ಶೇ. 15ರಷ್ಟು ಕಿರಿದು ಮಾಡಿದರೆ ವೇಗ ಶೇ. 15 ಅಲ್ಲ, ಶೇ. 17.6ರಷ್ಟು ಏರುತ್ತದೆ. ಒಂದನ್ನು 0.85ರಿಂದ ಭಾಗಿಸಿದರೆ ಬರುವುದು ಅದೇ ತಾನೆ. ಇಂಜಿನ್ 7,000 ಸುತ್ತು ತಿರುಗುವಾಗ ನಿಮಿಷಕ್ಕೆ 14,000 ಸುತ್ತುತ್ತಿದ್ದ ರೋಟರ್‌ಗಳು 16,500ರ ಆಸುಪಾಸಿಗೆ ಹೋಗುತ್ತವೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಕಂಪನಿಯೇ ಒಪ್ಪಿದ ಜಾನ್ ಕೂಪರ್ ವರ್ಕ್ಸ್ ಕಿಟ್ಟಿನಲ್ಲೂ ಮೂಲದ್ದಕ್ಕಿಂತ ಚಿಕ್ಕ ಪುಲ್ಲಿಯೇ ಇತ್ತು.

ಈ ಗಾಳಿಯಂತ್ರದ ಹುಟ್ಟು ಕಾರಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಊರಿನ ಫಿಲಾಂಡರ್ ರೂಟ್ಸ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದದ್ದು ಇದೇ ತತ್ವಕ್ಕೆ: ಒಂದು ಡಬ್ಬಿಯೊಳಗೆ ಒಂದಕ್ಕೊಂದು ತಾಗದಂತೆ ಎದುರುಬದುರು ಸುತ್ತುವ ಎರಡು ರೋಟರ್‌ಗಳು, ಅವುಗಳ ಎಸಳಿನ ಸಂದಿಯಲ್ಲಿ ಸಿಕ್ಕಿಬಿದ್ದು ಆಚೆ ಬದಿಗೆ ಸಾಗುವ ಗಾಳಿ. ಅದು ಕೆಲಸಕ್ಕೆ ಬಂದದ್ದು ಕಬ್ಬಿಣ ಕರಗಿಸುವ ಊದುಕುಲುಮೆಗಳಿಗೆ ಗಾಳಿ ಊದಲು. ಕುಲುಮೆಯ ತಿದಿಯ ಕೆಲಸವನ್ನು ಎರಡು ರೋಟರ್‌ಗಳಿಗೆ ಒಪ್ಪಿಸಿದ ಹಾಗೆ. ಅರವತ್ತು ವರ್ಷ ಕಳೆದ ಮೇಲೆ, 1921ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್ ತನ್ನ ಸೂಪರ್‌ಚಾರ್ಜರ್ ಕಾರುಗಳನ್ನು ಜನರ ಮುಂದಿಟ್ಟಿತು. ಅವುಗಳ ಸೂಪರ್‌ಚಾರ್ಜರ್ ಸದಾ ತಿರುಗುತ್ತಿರಲಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ ಕ್ಲಚ್ ಹಿಡಿದು ಎಚ್ಚರಗೊಳ್ಳುತ್ತಿತ್ತು. 1929ರ ಸುಮಾರಿಗೆ ಬಂದ ಬ್ಲೋವರ್ ಬೆಂಟ್ಲಿಯಲ್ಲಂತೂ ಸೂಪರ್‌ಚಾರ್ಜರ್ ರೇಡಿಯೇಟರಿನ ಮುಂದೆ, ಕಾರಿನ ಮೂತಿಯ ಮೇಲೇ ಕೂತಿತ್ತು. ಅದನ್ನು ತಿರುಗಿಸುತ್ತಿದ್ದುದು ನೇರವಾಗಿ ಕ್ರ್ಯಾಂಕ್ ಶಾಫ್ಟಿನ ತುದಿ. ಬೆಲ್ಟೂ ಇಲ್ಲ, ಬದಲಾಯಿಸಲು ಪುಲ್ಲಿಯೂ ಇಲ್ಲ. ಕಂಪನಿ ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಗೆ ಆ ಜೋಡಣೆ ಕೊನೆಯವರೆಗೂ ಹಿಡಿಸಲಿಲ್ಲ. ರೇಸಿಗಿಳಿದ ಟಿಮ್ ಬರ್ಕಿನ್ ಹಟ ಹಿಡಿದು ಮಾಡಿಸಿದ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಹುಡುಗರು ಹಳೆಯ ಲಾರಿಗಳ ಡೀಸೆಲ್ ಇಂಜಿನ್ನುಗಳಿಂದ ರೂಟ್ಸ್ ಬ್ಲೋವರ್‌ಗಳನ್ನು ಬಿಚ್ಚಿ ತಂದು ರೇಸಿನ ಕಾರುಗಳ ನೆತ್ತಿಗೆ ಕೂರಿಸಿದರು. ಅವುಗಳ ಪುಲ್ಲಿಗಳು ಬೋಲ್ಟ್ ಹಾಕಿ ಬಿಗಿದವು. ಪಾನಾ ಹಿಡಿದವರು ಯಾರಾದರೂ ಬದಲಿಸಬಹುದಿತ್ತು. ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬರುವ ಕಾರುಗಳ ಹೊಸ ಕಾಲ, ಅಂದರೆ 1989ರ ಫೋರ್ಡ್ ಥಂಡರ್‌ಬರ್ಡ್ ಸೂಪರ್ ಕೂಪ್‌ನಂಥವು ಬಂದ ಮೇಲೆ, ಆ ಸಲೀಸು ಹೋಯಿತು. ಪುಲ್ಲಿಯನ್ನು ಶಾಫ್ಟಿನ ಮೇಲೆ ಒತ್ತಿ ಕೂರಿಸುವ ಪದ್ಧತಿ ಬಂತು. ಗ್ಯಾರೇಜಿನವರ ಮಾತಿನಲ್ಲಿ ಪ್ರೆಸ್ ಫಿಟ್.

ಇದನ್ನು ಮನಸ್ಸಿಗೆ ತಂದುಕೊಳ್ಳಲು ಎತ್ತಿನ ಗಾಡಿಯ ಚಕ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಡಗಿ ಮರದ ಚಕ್ರ ಕಟ್ಟಿ ಮುಗಿಸುತ್ತಾನೆ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಬಳೆಯಾಗಿ ಬಗ್ಗಿಸಿ, ತುದಿ ಬೆಸೆದು, ಬೇಕೆಂದೇ ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿ ಇಡುತ್ತಾನೆ. ತಣ್ಣಗಿರುವಾಗ ಅದು ಚಕ್ರವನ್ನು ಏರುವುದೇ ಇಲ್ಲ. ಬಳೆಯ ಸುತ್ತ ಬೆರಣಿ ಒಟ್ಟಿ ಬೆಂಕಿ ಕೊಡುತ್ತಾರೆ. ಒಂದೂವರೆ ಮೀಟರ್ ವ್ಯಾಸದ ಬಳೆ 500 ಡಿಗ್ರಿಯಷ್ಟು ಬಿಸಿ ಏರಿದರೆ ವ್ಯಾಸ ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ. ಮೂರ್ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ತಂದು ಚಕ್ರದ ಮೇಲೆ ಇಳಿಸುತ್ತಾರೆ. ಮರ ಹೊಗೆಯಾಡುತ್ತದೆ, ಕೊಡಗಟ್ಟಲೆ ನೀರು ಬೀಳುತ್ತದೆ, ಚೊಂಯ್ ಎನ್ನುತ್ತಾ ಕಬ್ಬಿಣ ಕುಗ್ಗುತ್ತದೆ. ಆಗ ಕಿವಿಗೊಟ್ಟು ಕೇಳಬೇಕು: ಅರಗಳು ಗುಂಬದೊಳಕ್ಕೆ ಇನ್ನಷ್ಟು ಕಚ್ಚಿಕೊಳ್ಳುತ್ತಾ ಇಡೀ ಚಕ್ರ ಕಿರ್ರೆನ್ನುತ್ತದೆ. ಸಡಿಲವಾಗಿದ್ದ ಹತ್ತಾರು ಮರದ ತುಂಡುಗಳನ್ನು ಒಂದೇ ಒಂದು ಬಳೆ ವರ್ಷಗಟ್ಟಲೆ ಹಿಡಿದಿಡುತ್ತದೆ. ಹಿಡಿದಿಡುವುದು ಮೊಳೆಯಲ್ಲ, ಕುಗ್ಗಬೇಕೆಂದು ಹವಣಿಸುತ್ತಲೇ ಇರುವ ಲೋಹದ ಎಳೆತ.

ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ಕೆಲಸ ಮಾಡುತ್ತಿರುವ ರೈಲು ಗಾಲಿ ಕಾರ್ಖಾನೆಯಲ್ಲಿ ಇದೇ ತತ್ವ ದೊಡ್ಡ ಗಾತ್ರದಲ್ಲಿ ದುಡಿಯುತ್ತಿದೆ. ಅಲ್ಲಿ ಬೆಂಕಿ ಇಲ್ಲ. ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದಾದ ರಂಧ್ರವಿರುವ ಉಕ್ಕಿನ ಗಾಲಿಯನ್ನು ಹೈಡ್ರಾಲಿಕ್ ಪ್ರೆಸ್ ಹತ್ತಾರು ಟನ್ ಬಲದಿಂದ ಅಚ್ಚಿನ ಮೇಲೆ ಒತ್ತಿ ಕೂರಿಸುತ್ತದೆ. ರೈಲಿನ ಗಾಲಿ ಕೂರಿಸುವಾಗ ಬಲ ಹೇಗೆ ಏರಿತು ಎಂಬುದನ್ನು ಗ್ರಾಫಿನಲ್ಲಿ ದಾಖಲಿಸಿಡುವುದು ವಾಡಿಕೆ. ಗೆರೆ ಮೆತ್ತಗೆ ಒಂದೇ ಸಮನೆ ಏರಬೇಕು. ನಡುವೆ ಜಿಗಿದರೆ ಗಾಲಿ ವಾಲಿದೆ ಅಥವಾ ಲೋಹ ಕೆರೆದಿದೆ ಎಂದರ್ಥ. ಸಾವಿರಾರು ಪ್ರಯಾಣಿಕರ ಜೀವ ಆ ಗೆರೆಯ ಮೇಲೆ ನಿಂತಿರುತ್ತದೆ.

ಮಿನಿ ಕಾರಿನ ಪುಲ್ಲಿ ಅದೇ ವಂಶದ ಕಿರಿಯ ಕುಡಿ. ಒಂದು ಲೆಕ್ಕ ಹಾಕಿ ನೋಡೋಣ. 17 ಮಿಲಿಮೀಟರ್ ದಪ್ಪದ ಶಾಫ್ಟು, ಅದನ್ನು 20 ಮಿಲಿಮೀಟರ್ ಉದ್ದಕ್ಕೆ ಅಪ್ಪಿಕೊಂಡ ಉಕ್ಕಿನ ಪುಲ್ಲಿ, ರಂಧ್ರ ಶಾಫ್ಟಿಗಿಂತ 0.025 ಮಿಲಿಮೀಟರ್ ಕಿರಿದು ಎಂದಿಟ್ಟುಕೊಳ್ಳಿ. ಅದು ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗ. ಅಷ್ಟೇ ಅಷ್ಟು ಕೊರತೆಯಿಂದ ಲೋಹಗಳ ನಡುವೆ ಹುಟ್ಟುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರದ ಇನ್ನೂರು ಪಟ್ಟು. ಘರ್ಷಣೆಯನ್ನು ಲೆಕ್ಕಕ್ಕೆ ತಂದರೆ, ಪುಲ್ಲಿಯನ್ನು ಕದಲಿಸಲು ಬೇಕಾದದ್ದು ಸುಮಾರು 1.6 ಟನ್ನಿನ ಎಳೆತ. ಒಂದು ದೊಡ್ಡ ಕಾರಿನ ತೂಕ! ಗರಿಷ್ಠ ವೇಗದಲ್ಲಿ 20 ಕಿಲೋವ್ಯಾಟ್ ಹೀರುವ ಸೂಪರ್‌ಚಾರ್ಜರಿಗೆ ಬೇಕಾದ ತಿರುಚು ಬಲಕ್ಕಿಂತ ಈ ಹಿಡಿತ ಹತ್ತು ಪಟ್ಟು ಹೆಚ್ಚು. ಬೋಲ್ಟ್ ಇಲ್ಲದಿದ್ದರೂ ಪುಲ್ಲಿ ಜಾರದಿರುವುದು ಅದಕ್ಕೇ. ಪಿನ್ನು, ಕೀಲಿ ಇಲ್ಲದಿರುವುದರಿಂದ ತೂಕ ಸುತ್ತಲೂ ಸಮನಾಗಿ ಹಂಚಿಹೋಗಿರುತ್ತದೆ. ನಿಮಿಷಕ್ಕೆ ಹದಿನಾರು ಸಾವಿರ ಸುತ್ತು ತಿರುಗುವ ವಸ್ತುವಿಗೆ ಅದು ಪ್ರಾಣ.

ಈಗ ಸುತ್ತಿಗೆ, ಸ್ಕ್ರೂಡ್ರೈವರುಗಳ ವಿಷಯಕ್ಕೆ ಬರೋಣ. ಪುಲ್ಲಿಯ ಹಿಂದೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಏನಾಗುತ್ತದೆ? ಮೀಟುಗೋಲಿಗೆ ಆಸರೆ ಬೇಕು. ಆಸರೆ ಸಿಗುವುದು ಸೂಪರ್‌ಚಾರ್ಜರಿನ ಮೂತಿಯ ಅಲ್ಯೂಮಿನಿಯಂ ಮೈಯಲ್ಲಿ. ಮೀಟಿದ ಬಲ ಪುಲ್ಲಿಯಿಂದ ಶಾಫ್ಟಿಗೆ, ಶಾಫ್ಟಿನಿಂದ ಬೇರಿಂಗಿಗೆ, ಬೇರಿಂಗಿನಿಂದ ಆ ಮೈಗೆ ಸುತ್ತಿ ಬಂದು ಸ್ಕ್ರೂಡ್ರೈವರಿನ ಬುಡದಲ್ಲಿ ಕೊನೆಗೊಳ್ಳುತ್ತದೆ. ಒಂದೂವರೆ ಟನ್ನಿನ ಪೂರ್ತಿ ಭಾರವನ್ನು ಬೇರಿಂಗಿನ ಪುಟ್ಟ ಗುಂಡುಗಳು ಹೊರಬೇಕು. ಹೋಲಿಕೆಗೆ, ಇದೇ 17 ಮಿಲಿಮೀಟರ್ ಶಾಫ್ಟಿಗೆ ಕೂರುವ 6203 ನಂಬರಿನ ಬೇರಿಂಗ್ ಅನ್ನು ನೋಡಿ. ಎಷ್ಟೋ ವಾಷಿಂಗ್ ಮಷಿನ್‌ಗಳಲ್ಲಿ, ಆಲ್ಟರ್ನೇಟರ್‌ಗಳಲ್ಲಿ ಇರುವುದು ಅದೇ. ನಿಂತಲ್ಲೇ ಅದು ತಡೆಯಬಲ್ಲ ಭಾರ ಸುಮಾರು 4.75 ಕಿಲೋನ್ಯೂಟನ್, ಅರ್ಧ ಟನ್ನಿಗೂ ಕಡಿಮೆ. ಶಾಫ್ಟಿನ ಉದ್ದಕ್ಕೆ ಎಳೆದರೆ ತಡೆಯುವುದು ಅದಕ್ಕೂ ಕಡಿಮೆ.

ಸುತ್ತಿಗೆಯ ಕಥೆಯೂ ಬೇರೆಯಲ್ಲ. ಒಂದು ಕಿಲೋ ತೂಕದ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಅರ್ಧ ಮಿಲಿಸೆಕೆಂಡಿನಲ್ಲಿ ನಿಂತರೆ, ಆ ಕ್ಷಣದ ಬಲ ಸರಾಸರಿ ಒಂದು ಟನ್. ಗುಂಡು ಮತ್ತು ಅದು ಉರುಳುವ ದಾರಿ ತಾಗುವ ಜಾಗ ಸಾಸಿವೆಗಿಂತ ಚಿಕ್ಕದು. ಅಲ್ಲೊಂದು ಕುಳಿ ಬೀಳುತ್ತದೆ. ಇಂಥ ಗಾಯಕ್ಕೆ ಬೇರಿಂಗ್ ತಜ್ಞರು ಬ್ರಿನೆಲಿಂಗ್ ಎನ್ನುತ್ತಾರೆ. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಲೋಹದ ಗಡಸುತನ ಅಳೆಯಲು ಕಂಡುಕೊಂಡ ವಿಧಾನ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿತ್ತು. 10 ಮಿಲಿಮೀಟರ್ ಉಕ್ಕಿನ ಗುಂಡನ್ನು 3,000 ಕಿಲೋ ಭಾರದಿಂದ ಲೋಹಕ್ಕೆ ಒತ್ತಿ, ಬಿದ್ದ ಕುಳಿಯ ಅಗಲ ಅಳೆಯುವುದೇ ಆ ವಿಧಾನ. ಸುತ್ತಿಗೆ ಹಿಡಿದವರು ಗೊತ್ತಿಲ್ಲದೆಯೇ ಬ್ರಿನೆಲ್ಲನ ಪರೀಕ್ಷೆಯನ್ನು ಬೇರಿಂಗಿನ ಒಳಗೆ ನಡೆಸುತ್ತಾರೆ. ಕುಳಿ ಕಣ್ಣಿಗೆ ಕಾಣುವುದಿಲ್ಲ. ಕಾರು ಚಾಲೂ ಆಗುತ್ತದೆ, ಎಲ್ಲ ಸರಿ ಅನಿಸುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಗೊರಗೊರ ಸದ್ದು ಶುರುವಾದಾಗ, ಅಂದು ಕೊಟ್ಟ ಏಟು ಯಾರಿಗೂ ನೆನಪಿರುವುದಿಲ್ಲ.

ಮೂರು ಕಾಲಿನ ಸಾಮಾನ್ಯ ಪುಲ್ಲರ್ ಇದಕ್ಕಿಂತ ಎಷ್ಟೋ ವಾಸಿ, ಆದರೆ ಅದೂ ಇಲ್ಲಿಗೆ ಒಗ್ಗುವುದಿಲ್ಲ. ಅದರ ಕೊಕ್ಕೆಗಳು ಪುಲ್ಲಿಯ ಹಿಂಬದಿಯ ತೆಳ್ಳನೆಯ ಅಂಚನ್ನು ಮೂರೇ ಬಿಂದುಗಳಲ್ಲಿ ಹಿಡಿಯುತ್ತವೆ. ಅಂಚು ಬಾಗುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಒಂದು ಗ್ರಾಂ ಚಕ್ಕೆ ಹೋದ ಪುಲ್ಲಿಯನ್ನು ಹಾಗೆಯೇ ಮತ್ತೆ ಹಾಕಿದರೆ? ಕೇಂದ್ರದಿಂದ 25 ಮಿಲಿಮೀಟರ್ ದೂರದ ಆ ಒಂದು ಗ್ರಾಮಿನ ಕೊರತೆ, 16,000 ಸುತ್ತಿನ ವೇಗದಲ್ಲಿ ಶಾಫ್ಟನ್ನು ಏಳು ಕಿಲೋ ಬಲದಿಂದ ಪಕ್ಕಕ್ಕೆ ಜಗ್ಗುತ್ತದೆ, ಅದೂ ಸೆಕೆಂಡಿಗೆ 270 ಸಲ ದಿಕ್ಕು ತಿರುಗಿಸುತ್ತಾ. ಇನ್ನು ಗ್ಯಾಸ್ ಟಾರ್ಚ್ ಹಚ್ಚಿ ಪುಲ್ಲಿ ಸಡಿಲಿಸಲು ಹೋದರೆ, ಪುಲ್ಲಿ ಹಿಗ್ಗುವ ಹೊತ್ತಿಗೆ ಹಿಂದಿನ ಆಯಿಲ್ ಸೀಲ್ ಸುಟ್ಟಿರುತ್ತದೆ. ಸೂಪರ್‌ಚಾರ್ಜರಿನ ಮೂತಿಯೊಳಗೆ ಅದರದ್ದೇ ಎಣ್ಣೆ ಇರುವುದನ್ನು ಬಹಳ ಜನ ಮರೆಯುತ್ತಾರೆ.

ಹಾಗಾದರೆ ಸರಿಯಾದ ಪುಲ್ಲರ್ ಮಾಡುವುದೇನು? ಅದರಲ್ಲಿ ಎರಡು ಅರ್ಧಗಳ ಗಟ್ಟಿ ಉಕ್ಕಿನ ಬಳೆ ಇದೆ. ಕೆಲವು ಬಳೆಗಳ ಒಳಮೈಯಲ್ಲಿ ಪುಲ್ಲಿಯ ಬೆಲ್ಟ್ ಗೀರುಗಳೊಳಗೇ ಕೂರುವ ಏಣುಗಳಿರುತ್ತವೆ, ಇನ್ನು ಕೆಲವು ಹಿಂಬದಿಯ ಅಂಚನ್ನು ಸುತ್ತಲೂ ಅಪ್ಪಿಕೊಳ್ಳುತ್ತವೆ. ಎರಡೂ ಅರ್ಧಗಳನ್ನು ಬಿಗಿದ ಮೇಲೆ, ನಡುವಿನ ದಪ್ಪ ತಿರುಪು ಶಾಫ್ಟಿನ ತುದಿಯನ್ನು ಒತ್ತುತ್ತದೆ. ಬಳೆ ಪುಲ್ಲಿಯನ್ನು ಎಳೆಯುತ್ತದೆ, ತಿರುಪು ಶಾಫ್ಟನ್ನು ತಳ್ಳುತ್ತದೆ. ಎರಡೂ ಸಮ, ಎರಡೂ ವಿರುದ್ಧ. ತಿರುಪು, ಬಳೆ, ಪುಲ್ಲಿ, ಶಾಫ್ಟು, ಮತ್ತೆ ತಿರುಪು: ಬಲದ ದಾರಿ ಅಲ್ಲಿಗೇ ಉಂಗುರದಂತೆ ಮುಚ್ಚಿಹೋಯಿತು. ಒಂದೂವರೆ ಟನ್ ಬಲ ಆ ಉಂಗುರದೊಳಗೆ ಸುತ್ತುತ್ತಿದ್ದರೂ ಒಂದಿಂಚು ಹಿಂದಿರುವ ಬೇರಿಂಗಿಗೆ ಅದರ ಸುಳಿವೇ ಹತ್ತುವುದಿಲ್ಲ. ಈ ಪುಟ್ಟ ಸಾಧನದ ಜಾಣತನವೆಲ್ಲ ಇರುವುದು ಇಲ್ಲೇ.

ಆ ಬಲ ಕೈಯಿಂದಲೇ ಹುಟ್ಟುತ್ತದೆ ಎಂಬುದು ಇನ್ನೊಂದು ಸೋಜಿಗ. 16 ಮಿಲಿಮೀಟರ್ ದಪ್ಪದ ತಿರುಪಿನ ತಲೆಗೆ 25 ಸೆಂಟಿಮೀಟರ್ ಉದ್ದದ ಪಾನಾ ಹಾಕಿ 20 ಕಿಲೋ ಬಲದಿಂದ ಎಳೆದರೆ ತುದಿಯಲ್ಲಿ ಒಂದೂವರೆ ಟನ್ ದಾಟುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಇನ್ನೂ ಹತ್ತು ಪಟ್ಟು ಹುಟ್ಟಬೇಕಿತ್ತು. ಶ್ರಮದ ಹತ್ತರಲ್ಲಿ ಒಂಬತ್ತು ಪಾಲನ್ನು ಥ್ರೆಡ್ಡುಗಳ ಉಜ್ಜಾಟವೇ ನುಂಗುತ್ತದೆ. ತಿರುಪಿಗೆ ಮೊದಲು ಗ್ರೀಸ್ ಸವರಬೇಕು ಎನ್ನುವುದು ಅದಕ್ಕೇ. ಶಾಫ್ಟಿನ ತುದಿಯಲ್ಲಿ ಥ್ರೆಡ್ ಇರುವ ರಂಧ್ರವಿದ್ದರೆ ತಿರುಪನ್ನು ನೇರವಾಗಿ ಒತ್ತಬಾರದು. ರಂಧ್ರದ ಬಾಯಿ ಕೆಟ್ಟೀತು. ನಡುವೆ ಒಂದು ಉಕ್ಕಿನ ಬಿಲ್ಲೆ ಇರಲಿ.

ಪಾನಾ ಒಂದೊಂದೇ ಕಾಲು ಸುತ್ತು ಸಾಗುತ್ತದೆ. ಮೊದಲ ಕೆಲವು ಸಲ ಏನೂ ಆಗದು. ಮಣಿಕಟ್ಟಿಗೆ ಭಾರ ತಿಳಿಯುತ್ತದೆ, ಬಳೆ ಒಂದಿಷ್ಟು ಮುಲುಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ‘ಟಕ್’ ಎಂಬ ಸದ್ದು. ಹೊಸಬರು ಏನೋ ಮುರಿಯಿತು ಎಂದು ಬೆಚ್ಚುತ್ತಾರೆ. ಮುರಿದದ್ದು ಲೋಹವಲ್ಲ, ವರ್ಷಗಳಿಂದ ಕಚ್ಚಿ ಹಿಡಿದಿದ್ದ ಸ್ಥಿರ ಘರ್ಷಣೆ. ಒಮ್ಮೆ ಕದಲಿದ ಮೇಲೆ ಪುಲ್ಲಿ ಮಿಲಿಮೀಟರ್ ಮಿಲಿಮೀಟರಾಗಿ ಹೊರಬಂದು, ಕೊನೆಯ ಸುತ್ತಿನಲ್ಲಿ ಅಂಗೈಗೆ ಬೀಳುತ್ತದೆ.

ಕಳಚುವ ಮೊದಲೇ ಮಾಡಬೇಕಿದ್ದ ಒಂದು ಕೆಲಸವಿದೆ. ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖ ಎಷ್ಟು ಒಳಗಿದೆ ಎಂದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಬರೆದಿಡುವುದು. ಹೊಸ ಪುಲ್ಲಿಯ ಮೊದಲ ಗೀರು ಹಳೆಯದರ ಮೊದಲ ಗೀರು ಇದ್ದಲ್ಲೇ ಬರಬೇಕು. ಒಂದು ಮಿಲಿಮೀಟರ್ ಆಚೀಚೆಯಾದರೂ ಬೆಲ್ಟ್ ಓರೆಯಾಗಿ ಓಡಿ ಕಿರುಚುತ್ತದೆ, ಏಣು ಸವೆಯುತ್ತದೆ.

ಹೊಸದನ್ನು ಕೂರಿಸಲು ಕಮ್ಮಾರನ ಉಪಾಯವೇ ಬೇಕು. ಪುಲ್ಲಿಯನ್ನು ಓವನ್ನಿನಲ್ಲಿಟ್ಟು ಉಷ್ಣತೆಯನ್ನು 150 ಡಿಗ್ರಿಯಷ್ಟು ಏರಿಸಿದರೆ 17 ಮಿಲಿಮೀಟರ್ ರಂಧ್ರ 0.03 ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ ಲೆಕ್ಕದ 0.025ರ ಕೊರತೆ ಅಷ್ಟರಲ್ಲೇ ತುಂಬಿತು. ಆದರೆ ಚಕ್ರದ ಬಳೆಯ ಹಾಗೆ ಇಲ್ಲಿ ನಿಧಾನಕ್ಕೆ ಎಡೆಯಿಲ್ಲ. ತಣ್ಣನೆಯ ಶಾಫ್ಟು ತಾಗಿದ ಕೂಡಲೇ ಪುಲ್ಲಿಯ ಶಾಖ ಇಳಿಯತೊಡಗುತ್ತದೆ, ಸೆಕೆಂಡುಗಳಲ್ಲಿ ಬಿಗಿಯುತ್ತದೆ. ಅರ್ಧದಲ್ಲಿ ನಿಂತರೆ ಸುತ್ತಿಗೆಯತ್ತ ಕೈ ಹೋಗಬಾರದು. ಶಾಫ್ಟಿನ ತುದಿಯಲ್ಲಿ ಥ್ರೆಡ್ ಇರುವ ಮಾದರಿಗಳಲ್ಲಿ ಅದಕ್ಕೇ ಉದ್ದನೆಯ ಬೋಲ್ಟ್ ತಿರುಗಿಸಿ, ನಟ್ಟಿನಿಂದ ಪುಲ್ಲಿಯನ್ನು ಒಳಕ್ಕೆ ಒತ್ತುತ್ತಾರೆ. ಮತ್ತೆ ಅದೇ ಮುಚ್ಚಿದ ಉಂಗುರ, ಈ ಸಲ ಬಲದ ದಿಕ್ಕು ತಿರುಗಿದೆ. ಪಾನಾ ಹಿಡಿದ ಕೈಗೆ ಭಾರ ಒಂದೇ ಸಮನೆ ಏರುತ್ತಾ ಹೋಗಬೇಕು. ಯಲಹಂಕದ ಗಾಲಿಗಳಿಗೆ ಗ್ರಾಫ್ ಹೇಳುವುದನ್ನು ಇಲ್ಲಿ ಮಣಿಕಟ್ಟು ಹೇಳುತ್ತದೆ.

ಪುಲ್ಲಿ ಬದಲಿಸಿದರೆ ಪುಕ್ಕಟೆ ಶಕ್ತಿ ಸಿಗುತ್ತದೆ ಎನ್ನುವ ಜಾಹೀರಾತುಗಳನ್ನು ಮಾತ್ರ ನಂಬಬಾರದು. ಸೂಪರ್‌ಚಾರ್ಜರನ್ನು ತಿರುಗಿಸುವುದೂ ಇಂಜಿನ್ನೇ. ಮೊದಲ ಡಾಜ್ ಹೆಲ್‌ಕ್ಯಾಟ್ ಕಾರಿನ ಇಂಜಿನ್ 707 ಅಶ್ವಶಕ್ತಿಯದು, ಅದರ ಸೂಪರ್‌ಚಾರ್ಜರನ್ನು ತಿರುಗಿಸಲಿಕ್ಕೆಂದೇ 80 ಅಶ್ವಶಕ್ತಿ ಬೇಕೆಂದು ತಯಾರಕರೇ ಹೇಳಿದ್ದರು. ವೇಗ ಏರಿದಂತೆ ಗಾಳಿ ಕಾಯುತ್ತದೆ. ಒತ್ತಡವನ್ನು 1.8 ಪಟ್ಟು ಏರಿಸಿದರೆ ರೂಟ್ಸ್ ಬಗೆಯ ಯಂತ್ರದಿಂದ ಹೊರಬರುವ ಗಾಳಿ ನೂರು ಡಿಗ್ರಿ ಸೆಲ್ಸಿಯಸ್ ದಾಟುವುದು ಸುಲಭ. ಮಿನಿಯ ಬಾನೆಟ್ಟಿನ ಮೇಲಿರುವ ಬಾಯಿ ಅಲಂಕಾರಕ್ಕಲ್ಲ, ಆ ಬಿಸಿ ಗಾಳಿಯನ್ನು ತಣಿಸುವ, ಇಂಜಿನ್ ಮೇಲಿನ ಇಂಟರ್‌ಕೂಲರಿಗೆ ಗಾಳಿ ಹಾಯಿಸಲು. ಅದಕ್ಕೂ ಒಂದು ಮಿತಿ ಇದೆ.

ಎಲ್ಲ ಜೋಡಿಸಿದ ಮೇಲೆ ಇಂಜಿನ್ ಚಾಲೂ ಮಾಡುವ ಮೊದಲು, ಬೆಲ್ಟ್ ಹಾಕದೆಯೇ ಪುಲ್ಲಿಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಬೇಕು. ಎಲ್ಲೂ ತೊಡರದೆ, ಗರಗರ ಎನ್ನದೆ, ಎಣ್ಣೆಯ ಮೇಲೆ ಜಾರಿದಂತೆ ಸುತ್ತಿದರೆ ಬೇರಿಂಗ್ ಕ್ಷೇಮ. ಆಮೇಲೆ ಬೆಲ್ಟು, ಆಮೇಲೆ ಕೀಲಿ. ಈ ಯಂತ್ರಕ್ಕೆ ತನ್ನದೇ ಒಂದು ಹಾಡಿದೆ. ಮೂರು ಎಸಳಿನ ಎರಡು ರೋಟರ್‌ಗಳು ಪ್ರತಿ ಸುತ್ತಿನಲ್ಲೂ ಆರು ಸಲ ಗಾಳಿಯನ್ನು ಉಗುಳುತ್ತವೆ. ಇಂಜಿನ್ 6,000 ಸುತ್ತಿನಲ್ಲಿದ್ದಾಗ ಹಳೆಯ ಪುಲ್ಲಿಯಲ್ಲಿ ಅದು ಸೆಕೆಂಡಿಗೆ 1,200 ಕಂಪನಗಳ ಸ್ವರ, ಹೊಸದರಲ್ಲಿ 1,400ಕ್ಕಿಂತ ತುಸು ಮೇಲೆ. ಸಂಗೀತ ಬಲ್ಲ ಕಿವಿ ಪಕ್ಕದಲ್ಲಿದ್ದರೆ ಗುರುತಿಸೀತು: ಷಡ್ಜದಲ್ಲಿ ನಿಂತಿದ್ದ ಕಾರು ಸಾಧಾರಣ ಗಾಂಧಾರದ ಹತ್ತಿರಕ್ಕೆ ಏರಿದೆ.